ಬೆವೆತ ನೆಲ

ಕಂಟೇನರಿನ ಬಾಗಿಲು ತೆಗೆದಾಗ ಗಂಜಿ ಬಸಿಯುವ ಪಾತ್ರೆಯಿಂದ ಏಳುವಂಥ ಹಬೆ ಮುಖಕ್ಕೆ ಬಡಿಯಿತು. ಬೆಳಿಗ್ಗೆ ಎಂಟು ಗಂಟೆ, ಸೌದಿಯ ಖತೀಫ್‌ನ ಒಂದು ಕ್ರೀಡಾ ಹಾಲ್‌ನ ಹಿಂದಿನ ಅಂಗಳ. ಒಳಗೆ ಇನ್ನೂರಕ್ಕೂ ಹೆಚ್ಚು ಮೇಪಲ್ ಮರದ ಹಲಗೆಗಳು ಪ್ಲಾಸ್ಟಿಕ್ ಸುತ್ತಿಕೊಂಡು ನಿಂತಿದ್ದವು. ಒಂದೊಂದೂ ಇಬ್ಬರು ಹೊರಬೇಕಾದಷ್ಟು ಭಾರ. ನಾನು ಮೊದಲ ಹಲಗೆಯ ಪ್ಲಾಸ್ಟಿಕ್ ಹರಿದು, ತೇವ ಅಳೆಯುವ ಮೀಟರಿನ ಎರಡು ಮೊಳೆಗಳನ್ನು ಅದರ ಅಡಿಭಾಗಕ್ಕೆ ಒತ್ತಿದೆ. ಶೇಕಡಾ ಹದಿಮೂರು ತೋರಿಸಿತು. ಒಂಬತ್ತಕ್ಕಿಂತ ಕೆಳಗೆ ಇರಬೇಕಿತ್ತು. ಇನ್ನೊಂದಕ್ಕೆ ಒತ್ತಿದೆ. ಹದಿಮೂರೂವರೆ.

ಆಫ್ರಿಕಾದ ಬೇರೆ ಬೇರೆ ದೇಶಗಳ ಕ್ಲಬ್‌ಗಳು ಆಡುವ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನ ನೆಲ ಅದು. ಆ ವರ್ಷದ ಸೀಸನ್‌ನಲ್ಲಿ ಒಂದು ಗುಂಪಿನ ಪಂದ್ಯಗಳು ನಡೆಯಬೇಕಿದ್ದ ಊರಲ್ಲಿ ಹಾಲ್‌ನ ರಿಪೇರಿ ಮುಗಿಯಲಿಲ್ಲ. ಹಾಗಾಗಿ ನಾಲ್ಕು ಕ್ಲಬ್‌ಗಳ ಆ ಗುಂಪನ್ನು ಸೌದಿಗೆ ತಂದಿದ್ದರು. ದಿನಕ್ಕೊಂದು ಪಂದ್ಯ, ಆರು ದಿನ. ಮೊದಲ ಎರಡು ಸ್ಥಾನ ಪಡೆದವರು ಸೀಸನ್‌ನ ಕೊನೆಯ ಘಟ್ಟಕ್ಕೆ. ಉಳಿದ ಇಬ್ಬರು ಮನೆಗೆ. ಹಲಗೆ ಜೋಡಿಸಿ ಅಂಕಣ ಮಾಡುವುದು, ಪಂದ್ಯ ಮುಗಿಯುವವರೆಗೆ ಅದನ್ನು ಕಾಯುವುದು, ಮತ್ತೆ ಬಿಚ್ಚಿ ತುಂಬುವುದು ನಮ್ಮ ಕಂಪೆನಿಯ ಕೆಲಸ. ನಾನು ಅದರ ಫೋರ್‌ಮನ್.

ಹಡಗು ತಡವಾಗಿ, ದಮ್ಮಾಮ್ ಬಂದರಿನಲ್ಲಿ ಕಂಟೇನರ್ ಒಂದು ವಾರ ಬಿಸಿಲಿಗೆ ನಿಂತು, ಕೊನೆಗೆ ನಮ್ಮ ಕೈಗೆ ಸಿಕ್ಕಿದಾಗ ಮೊದಲ ಪಂದ್ಯಕ್ಕೆ ನಾಲ್ಕು ದಿನ ಮಾತ್ರ ಉಳಿದಿತ್ತು.

"ಇವತ್ತೇ ಹಾಸು" ಅಂದರು ಮ್ಯಾನೇಜರ್. ಭಟ್ಕಳದವರು, ಈ ದೇಶದಲ್ಲಿ ಮೂವತ್ತು ವರ್ಷ ಕಳೆದವರು. ಮನೆಯಲ್ಲಿ ಅವರದು ನವಾಯತಿ, ನನ್ನದು ಬ್ಯಾರಿ, ನಮ್ಮಿಬ್ಬರ ನಡುವೆ ಕನ್ನಡ.

"ಹಲಗೆ ನೀರು ಕುಡಿದಿದೆ ಭಾಯ್. ಎಸಿ ಹಾಲ್‌ನಲ್ಲಿ ಮೂರು ದಿನ ಒಣಗಬೇಕು. ಈಗ ಹಾಸಿದರೆ ಸಂದು ಏಳ್ತದೆ."

"ಮೂರು ದಿನ ಎಲ್ಲಿಂದ ತರ್ಲಿ ಮಾರಾಯ? ನಾಡಿದ್ದು ತಂಡದವರು ಪ್ರ್ಯಾಕ್ಟೀಸಿಗೆ ಬರ್ತಾರೆ."

ಕೊನೆಗೆ ಒಂದೂವರೆ ದಿನಕ್ಕೆ ಒಪ್ಪಿದರು. ಹಲಗೆಗಳನ್ನು ಹಾಲ್‌ನೊಳಗೆ ಒಂದರ ಮೇಲೊಂದು ಪೇರಿಸಿದೆವು, ನಡುನಡುವೆ ಗಾಳಿಯಾಡಲು ರೀಪು ಕೊಟ್ಟು. ಸುತ್ತ ದೊಡ್ಡ ಫ್ಯಾನ್‌ಗಳು. ಗಾಳಿಯ ತೇವ ಹೀರುವ ಎರಡು ಯಂತ್ರಗಳನ್ನು ಬಾಡಿಗೆಗೆ ತರಿಸಿದೆ. ಅವುಗಳ ಡಬ್ಬಿ ಗಂಟೆಗೊಮ್ಮೆ ತುಂಬುತ್ತಿತ್ತು. ನಾನು ಕುಳಿತಲ್ಲಿ ಕೂರಲಾರೆ. ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ಮೀಟರ್ ಒತ್ತುವುದು, ಚೀಟಿಯಲ್ಲಿ ಬರೆಯುವುದು, ಮತ್ತೆ ಒತ್ತುವುದು. ನಮ್ಮ ಗುಂಪಿನ ನೇಪಾಳಿ ಮೇಸ್ತ್ರಿ ನಗುತ್ತಿದ್ದ, "ಉಸ್ತಾದ್, ಜ್ವರದ ಮಗುವಿಗೆ ಥರ್ಮಾಮೀಟರ್ ಇಟ್ಟ ಹಾಗೆ ಮಾಡ್ತೀರಲ್ಲ."

ಮರದ ಕೆಲಸ ನಾನು ಕಲಿತದ್ದು ಮಲ್ಪೆಯ ದೋಣಿ ಶೆಡ್‌ನಲ್ಲಿ. ದೋಣಿಯ ಹಲಗೆ ನೀರು ಕುಡಿದು ಉಬ್ಬಬೇಕು, ಆಗಲೇ ಸಂದು ಮುಚ್ಚುವುದು. ಇಲ್ಲಿ ಎಲ್ಲ ತಿರುವುಮುರುವು. ಹಲಗೆ ಉಬ್ಬಿದರೆ ಪಕ್ಕದ ಹಲಗೆಯನ್ನು ತಳ್ಳುತ್ತದೆ, ಅದು ಇನ್ನೊಂದನ್ನು, ಕೊನೆಗೆ ಎಲ್ಲೋ ಒಂದು ಅಂಚು ಮೇಲೇಳುತ್ತದೆ. ಅದರ ಮೇಲೆ ನೂರು ಕಿಲೋ ಭಾರದ ಮನುಷ್ಯ ಓಡಿ ಬಂದು ಒಂದೇ ಕಾಲಲ್ಲಿ ಇಳಿಯುತ್ತಾನೆ.

ಮೀಟರ್ ಹತ್ತೂವರೆಗೆ ಇಳಿದಾಗ ಹಾಸಲು ಶುರು ಮಾಡಿದೆವು. ಪ್ರತಿ ಹಲಗೆಯ ಅಡಿಯಲ್ಲೂ ನಂಬರ್ ಇರುತ್ತದೆ. ನಡುಗೆರೆಯಿಂದ ಆರಂಭಿಸಿ ಎರಡೂ ಕಡೆಗೆ ಹೋಗಬೇಕು, ಒಂದನ್ನೊಂದು ಉಕ್ಕಿನ ಪಿನ್ನಿನಿಂದ ಬಿಗಿಯಬೇಕು. ಇಳಿಹೊತ್ತಿನ ಅಸರ್ ನಮಾಜಿಗೆ ಒಮ್ಮೆ ನಿಲ್ಲಿಸಿದ್ದು ಬಿಟ್ಟರೆ ಆ ದಿನ ಯಾರೂ ಬೆನ್ನು ನೆಟ್ಟಗೆ ಮಾಡಲಿಲ್ಲ.

ಮರುದಿನ ಮೊದಲು ಅಭ್ಯಾಸಕ್ಕೆ ಬಂದದ್ದು ಸೆನೆಗಲ್‌ನ ಕ್ಲಬ್. ಅವರ ಕ್ಯಾಪ್ಟನ್ ನನಗಿಂತ ನಾಲ್ಕೇ ವರ್ಷ ಚಿಕ್ಕವನು, ಮೂವತ್ತಾರು. ಎಡ ಮೊಣಕಾಲಿಗೆ ದಪ್ಪ ಪಟ್ಟಿ. ಉಳಿದವರು ಬುಟ್ಟಿಗೆ ಚೆಂಡೆಸೆಯುತ್ತಿದ್ದರೆ ಇವನು ಒಬ್ಬನೇ ಅಂಕಣದ ಮೂಲೆಯಿಂದ ಮೂಲೆಗೆ ಚೆಂಡು ಪುಟಿಸುತ್ತಾ ನಿಧಾನಕ್ಕೆ ನಡೆದ. ಒಂದು ಕಡೆ ನಿಂತ. ಅಲ್ಲೇ ನಾಲ್ಕು ಬಾರಿ ಪುಟಿಸಿದ. ನನ್ನತ್ತ ಕೈ ಮಾಡಿ ಕರೆದ.

"ಕೇಳು" ಅಂದ, ತನ್ನ ಫ್ರೆಂಚ್ ಬೆರೆತ ಇಂಗ್ಲಿಷಿನಲ್ಲಿ. ಚೆಂಡು ಪಕ್ಕದಲ್ಲಿ ಟಣ್ ಅಂತ ಸೊಂಟದವರೆಗೆ ಏಳುತ್ತಿತ್ತು. ಇಲ್ಲಿ ಧಪ್ ಅಂತ ಮೊಣಕಾಲಿನವರೆಗೆ ಬಂದು ನಿಂತಿತು. "ಇಲ್ಲಿ ನೆಲ ಸತ್ತಿದೆ."

ಹಲಗೆಯ ಕೆಳಗಿನ ರಬ್ಬರ್ ಗಟ್ಟಿ ನೆಲಕ್ಕೆ ತಾಗದೆ ಟೊಳ್ಳು ಉಳಿದರೆ ಹಾಗಾಗುತ್ತದೆ. ನಾನು ಸೀಮೆಸುಣ್ಣ ತಂದೆ. ಅವನು ಪುಟಿಸುತ್ತಾ ಮುಂದೆ, ನಾನು ಗುರುತು ಹಾಕುತ್ತಾ ಹಿಂದೆ. ಹನ್ನೊಂದು ಕಡೆ ಸಿಕ್ಕಿತು. ನನ್ನ ಮೀಟರಿಗೂ ಸುತ್ತಿಗೆಗೂ ಕಾಣದ್ದು ಅವನ ಅಂಗೈಗೆ ಗೊತ್ತಾಗುತ್ತಿತ್ತು.

"ಇದು ನನ್ನ ಕೊನೆಯ ಸೀಸನ್" ಅಂದ ಹನ್ನೊಂದನೇ ಗುರುತಿನ ಹತ್ತಿರ, ಏನೋ ಲೆಕ್ಕಕ್ಕಿಲ್ಲದ ಸುದ್ದಿ ಹೇಳುವ ಹಾಗೆ. "ಹದಿನಾರು ವರ್ಷ ಆಡಿದೆ. ಈ ಲೀಗ್‌ನ ಕೊನೆಯ ಘಟ್ಟ ಒಮ್ಮೆಯೂ ನೋಡಿಲ್ಲ."

ನಾವು ಹಲಗೆ ಬಿಚ್ಚಿ ಅಡಿಗೆ ತೆಳುವಾದ ಪಟ್ಟಿ ಕೊಟ್ಟು ಹನ್ನೊಂದನ್ನೂ ಸರಿಮಾಡಿದೆವು.

ಪ್ರತಿ ಪಂದ್ಯಕ್ಕೆ ಮುಂಚೆ ಒಂದು ಫಾರಂ ಇರುತ್ತಿತ್ತು. ನೆಲ ಆಡಲು ಯೋಗ್ಯ ಎಂದು ನಾನು ಸಹಿ ಹಾಕಬೇಕು, ಲೀಗ್ ಕಳಿಸಿದ ತಾಂತ್ರಿಕ ಪ್ರತಿನಿಧಿ ಅದನ್ನು ತೆಗೆದುಕೊಳ್ಳಬೇಕು. ಆ ಪ್ರತಿನಿಧಿ ಕೀನ್ಯಾದ ಒಬ್ಬ ಹೆಂಗಸು, ಹಿಂದೆ ರೆಫರಿಯಾಗಿದ್ದವರು, ಮಾತು ಕಡಿಮೆ. ಮೊದಲ ದಿನ ಎಲ್ಲ ಸರಿ ಇತ್ತು, ಸಹಿ ಹಾಕಿದೆ.

ಎರಡನೇ ದಿನದ ಬಗ್ಗೆ ಬರೆಯಲು ನನಗೆ ಈಗಲೂ ಕೈ ಹಿಂಜರಿಯುತ್ತದೆ. ಪಂದ್ಯಕ್ಕೆ ನಲವತ್ತು ನಿಮಿಷ ಇದ್ದಾಗ ಉಕ್ಕಿನ ಪಟ್ಟಿ ಹಿಡಿದು ಸಂದುಗಳನ್ನು ನೋಡುತ್ತಾ ಹೋದೆ. ಬುಟ್ಟಿಯ ಕೆಳಗೆ, ನೂರಾ ಹನ್ನೆರಡನೇ ಹಲಗೆಯ ಅಂಚು ಎದ್ದಿತ್ತು. ಒಂದು ಮಿಲಿಮೀಟರ್ ತನಕ ನಾನು ಬಿಡುತ್ತೇನೆ. ಇದು ಒಂದೂವರೆ. ಸರಿಮಾಡಲು ಬದಿಯಿಂದ ಎಂಟು ಹಲಗೆ ಬಿಚ್ಚಬೇಕು, ಒಂದು ಗಂಟೆ ಬೇಕು.

ಮ್ಯಾನೇಜರ್ ಬಗ್ಗಿ ನೋಡಿದರು. "ಇದಾ? ಯಾರಿಗೆ ಕಾಣ್ತದೆ ಮಾರಾಯ? ಯಲ್ಲಾ, ಸೈನ್ ಹಾಕು."

ನಾನು ಸಹಿ ಹಾಕಿದೆ.

ಮೂರನೇ ಕ್ವಾರ್ಟರಿನಲ್ಲಿ ಅಂಗೋಲಾ ಕ್ಲಬ್‌ನ ಒಬ್ಬ ಆಟಗಾರ, ಎತ್ತರದ ಫಾರ್ವರ್ಡ್, ಬುಟ್ಟಿಯ ಕೆಳಗೆ ನೆಗೆದು ಚೆಂಡು ಹಿಡಿದು ಇಳಿದ. ಬಲಗಾಲ ಪಾದದ ಗಂಟು ಹೊರಳಿತು. ಅವನ ಕೂಗು ಕೇಳಿದಾಗ ನಾನು ಇದ್ದದ್ದು ಎದುರಿನ ಬದಿಯಲ್ಲಿ. ಅವನ ಕಾಲು ಬಿದ್ದದ್ದು ಆ ಅಂಚಿನ ಮೇಲೆಯೋ, ಒಂದು ಗೇಣು ಆಚೆಯೋ, ನನಗೆ ಕಾಣಲಿಲ್ಲ. ಹೊತ್ತುಕೊಂಡು ಹೋದರು. ಗಂಟಿನ ಲಿಗಮೆಂಟ್ ಹರಿದಿದೆ, ಅವನ ಸೀಸನ್ ಮುಗಿಯಿತು ಎಂದು ಮರುದಿನ ಗೊತ್ತಾಯಿತು.

"ಅವನು ಇಳಿದದ್ದೇ ಸರಿ ಇಲ್ಲ" ಅಂದರು ಮ್ಯಾನೇಜರ್. "ಅವರ ಕೋಚೇ ಹೇಳ್ತಿದ್ದ. ನೀನು ಬಾಯಿ ಬಿಡಬೇಡ."

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಆ ಎಂಟು ಹಲಗೆಗಳನ್ನು ಬಿಚ್ಚಿ, ನೂರಾ ಹನ್ನೆರಡರ ಅಂಚು ಉಜ್ಜಿ, ಮತ್ತೆ ಕೂರಿಸಿದೆ. ಒಳ್ಳೆಯ ಕೆಲಸ. ಬೆರಳಾಡಿಸಿದರೂ ಸಂದು ತಿಳಿಯುತ್ತಿರಲಿಲ್ಲ. ಬಾಯಿಯನ್ನೂ ಬಿಡಲಿಲ್ಲ. ಆದರೆ ಆಮೇಲೆ ಮನೆಯಿಂದ ಫೋನ್ ಬಂದರೆ ಹೆಂಡತಿ ಎರಡೆರಡು ಸಲ ಹೇಳಿದ್ದೂ ಕಿವಿಗೆ ಬೀಳುತ್ತಿರಲಿಲ್ಲ. "ಎಂತ, ಅಲ್ಲಿ ಹುಷಾರಿಲ್ವಾ ನಿಮಗೆ?" ಅಂತ ಕೇಳಿದಳು. ಹುಷಾರಿದ್ದೇನೆ ಅಂದೆ.

ಮೂರು, ನಾಲ್ಕು, ಐದನೇ ದಿನ ನೆಲ ಚೆನ್ನಾಗಿತ್ತು. ಐದನೇ ದಿನ ಮುಗಿದಾಗ ಒಂದು ಸ್ಥಾನ ನಿರ್ಧಾರವಾಗಿತ್ತು. ಉಳಿದ ಒಂದಕ್ಕೆ ಆರನೇ ದಿನ ಸೆನೆಗಲ್ ಮತ್ತು ಮೊರಾಕ್ಕೋದ ಕ್ಲಬ್ ಆಡಬೇಕಿತ್ತು. ಗೆದ್ದವರು ಮುಂದಕ್ಕೆ.

ಆರನೇ ದಿನ ಸಮಾರೋಪವೂ ಇತ್ತು. ಕ್ಯಾಂಪಿನಲ್ಲಿ ಊಟ, ಅಸರ್ ನಮಾಜು ಮುಗಿಸಿ ಬಂದಾಗ ಹಾಲ್‌ನ ಹಿಂದಿನ ದೊಡ್ಡ ಬಾಗಿಲು, ಲಾರಿ ನುಗ್ಗುವಷ್ಟು ಅಗಲದ್ದು, ಪೂರ್ತಿ ತೆರೆದಿತ್ತು. ವೇದಿಕೆಯವರು ಕಬ್ಬಿಣದ ಚೌಕಟ್ಟುಗಳನ್ನು ಒಳಗೆ ಎಳೆಯುತ್ತಿದ್ದರು. ಹೊರಗೆ ಸಮುದ್ರದಿಂದ ಬರುವ ಅಂಟುಗಾಳಿ, ಅಂಗಿ ಬೆನ್ನಿಗೆ ಮೆತ್ತುವ ಬಿಸಿ.

"ಎಷ್ಟು ಹೊತ್ತಾಯ್ತು ತೆಗೆದು?" ಎಂದು ಕೂಗಿದೆ.

"ಎರಡು ಗಂಟೆ" ಅಂದ ಒಬ್ಬ.

ಬಾಗಿಲು ಮುಚ್ಚಿಸಿ ಎಸಿ ಕೋಣೆಗೆ ಓಡಿದೆ. ಆಪರೇಟರ್ ಪೇಶಾವರದವನು, ಒಳ್ಳೆಯ ಮನುಷ್ಯ. ಹಾಲ್ ಬಿಸಿಯಾಗುತ್ತಿದೆ ಎಂದು ಅವನು ಎಸಿಯನ್ನು ಹದಿನೇಳಕ್ಕೆ ಇಳಿಸಿದ್ದ. ಅವನ ಮಟ್ಟಿಗೆ ಅದು ಸಹಾಯ. ಆದರೆ ಅದರಿಂದ ನೆಲ ಇನ್ನೂ ತಣ್ಣಗಾಗಿತ್ತು, ಮೇಲೆ ಹೊರಗಿನ ತೇವದ ಗಾಳಿ. ಫ್ರಿಜ್‌ನಿಂದ ತೆಗೆದ ಸೋಡಾ ಬಾಟ್ಲಿಯ ಮೈ ಹೇಗೆ ಬೆವರುತ್ತದೋ ಹಾಗೆ. ಅಂಕಣಕ್ಕೆ ಬಂದು ಅಂಗೈ ಊರಿದೆ. ಎತ್ತಿದಾಗ ಐದು ಬೆರಳಿನ ಗುರುತು ಉಳಿದಿತ್ತು.

ಎಸಿ ಮೇಲಕ್ಕೆ ಏರಿಸಿದೆವು. ತೇವ ಹೀರುವ ಯಂತ್ರ ಹಾಕಿದೆವು, ಫ್ಯಾನ್ ಹಾಕಿದೆವು, ಒಣ ಮಾಪ್ ಹಿಡಿದು ಆರು ಜನ ಸಾಲಾಗಿ ಒರೆಸುತ್ತಾ ಹೋದೆವು. ಒರೆಸಿದ ಕೂಡಲೇ ನೆಲ ಒಣಗಿ ಹೊಳೆಯುತ್ತಿತ್ತು. ಹತ್ತು ನಿಮಿಷ ಕಳೆದರೆ ಮತ್ತೆ ಮಂಜು ಹಿಡಿದ ಗಾಜಿನ ಹಾಗೆ ಮಸುಕು. ಮತ್ತೆ ಒರೆಸಿದೆವು. ಮತ್ತೆ ಮಸುಕು. ನಾಲ್ಕು ಸಲ. ಈ ನೆಲ ತನ್ನ ಪಾಡಿಗೆ ಬೆಚ್ಚಗಾಗಿ ಒಣಗಲು ಐದಾರು ಗಂಟೆಯಾದರೂ ಬೇಕು ಎಂದು ನನಗೆ ಖಚಿತವಾಯಿತು. ಪಂದ್ಯಕ್ಕೆ ಇದ್ದದ್ದು ಒಂದು ಗಂಟೆ.

ಮ್ಯಾನೇಜರ್ ಫಾರಂ ಹಿಡಿದು ಬಂದರು. ಪ್ರೇಕ್ಷಕರು ಒಳಗೆ ಬರುತ್ತಿದ್ದರು.

"ಒರೆಸಿದ್ದೀರಲ್ಲ, ಒಣಗಿದೆ. ಸೈನ್ ಮಾಡು."

"ಹತ್ತು ನಿಮಿಷ ನಿಲ್ಲಿ ಭಾಯ್, ಮತ್ತೆ ಬರ್ತದೆ."

"ಬ್ರೇಕ್ ಸಿಕ್ಕಿದಾಗೆಲ್ಲ ಒರೆಸಿದರಾಯ್ತು. ಟಿವಿಯವರು ಕಾಯ್ತಾ ಇದ್ದಾರೆ, ದೊಡ್ಡ ಅತಿಥಿಗಳು ದಾರಿಯಲ್ಲಿದ್ದಾರೆ."

"ನಾನು ಹಾಕುದಿಲ್ಲ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನಿನ್ನ ಇಕಾಮಾ ಮುಂದಿನ ತಿಂಗಳು ಮುಗಿಯುದು ನೆನಪುಂಟಾ? ಅದರ ಕಾಗದ ಮುಂದೆ ಹೋಗಬೇಕಾದರೆ ನನ್ನ ಮೇಜಿನ ಮೇಲಿಂದಲೇ ಹೋಗಬೇಕು. ನಾನು ಹೆದರಿಸುದಲ್ಲ, ಇರುವ ವಿಷಯ ಹೇಳುದು."

ನನಗೆ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಇಕಾಮಾ ಹೋದರೆ ಈ ದೇಶದಲ್ಲಿ ನಿಲ್ಲುವ ಹಾಗಿಲ್ಲ. ಆದರೆ ಕೈ ಪೆನ್ನಿನತ್ತ ಹೋದಾಗ ಆ ಅಂಗೋಲಾದವನ ಕೂಗು ಕೇಳಿದ ಹಾಗಾಯಿತು. ಧೈರ್ಯದಿಂದ ಏನೂ ಅಲ್ಲ, ಅದನ್ನು ಇನ್ನೊಮ್ಮೆ ಕೇಳಲು ನನ್ನಿಂದಾಗದು ಅನ್ನಿಸಿತು, ಅಷ್ಟೇ. ಫಾರಂ ತೆಗೆದುಕೊಂಡು, ಸಹಿಯ ಜಾಗ ಖಾಲಿ ಬಿಟ್ಟು, ಕೆಳಗೆ ‘ನೆಲ ಒದ್ದೆ, ಆಡಲು ಯೋಗ್ಯವಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದು, ನೇರ ಅಂಕಣ ದಾಟಿ ಆ ಕೀನ್ಯಾದವರ ಕೈಗೆ ಕೊಟ್ಟೆ.

ಅವರು ಓದಿದರು. "ಇದು ನಿಮ್ಮ ಕಂಪೆನಿಯ ಮಾತೋ, ನಿಮ್ಮದೋ?"

"ನನ್ನದು, ಮೇಡಂ."

ಅವರು ಎದ್ದು ಬಂದು, ಬುಟ್ಟಿಯ ಕೆಳಗೆ ಒಂದು ಟಿಶ್ಯೂ ಕಾಗದ ಹಾಸಿದರು. ಕೈಗಡಿಯಾರ ನೋಡುತ್ತಾ ನಿಂತರು. ಐದು ನಿಮಿಷ ಬಿಟ್ಟು ಕಾಗದದ ಮೂಲೆ ಹಿಡಿದು ಎತ್ತಿದರು. ಅದು ನೆಲಕ್ಕೆ ಅಂಟಿ ನಡುವೆ ಹರಿಯಿತು. ಅವರು ರೆಫರಿಗಳ ಕೋಣೆಯತ್ತ ನಡೆದರು. ಕಾಲು ಗಂಟೆಯಲ್ಲಿ ಪಂದ್ಯ ಮರುದಿನ ಬೆಳಿಗ್ಗೆ ಹತ್ತಕ್ಕೆ ಎಂದು ಘೋಷಣೆಯಾಯಿತು. ಸಮಾರೋಪವಿಲ್ಲ, ಪ್ರೇಕ್ಷಕರಿಲ್ಲ. ಹಾಲ್ ತುಂಬ ಕೂಗಾಟ, ಸಿಳ್ಳೆ. ಮ್ಯಾನೇಜರ್ ನನ್ನ ಕಡೆ ನೋಡಲೇ ಇಲ್ಲ.

ನಾನು ಎಣಿಸದೆ ಇದ್ದದ್ದು ಸೆನೆಗಲ್‌ನ ಕ್ಯಾಪ್ಟನ್‌ನನ್ನು. ಆಟಗಾರರು ಬರುವ ದಾರಿಯಲ್ಲಿ ಅವನು ನನ್ನ ತೋಳು ಹಿಡಿದು ಗೋಡೆಗೆ ನಿಲ್ಲಿಸಿದ.

"ನೀನು ಬರೆದದ್ದಾ?"

"ಹೌದು."

"ನನ್ನ ಮೊಣಕಾಲಿಗೆ ಇವತ್ತು ಮಧ್ಯಾಹ್ನ ನೋವು ತಡೆಯುವ ಸೂಜಿ ಹಾಕಿದ್ದಾರೆ. ಇವತ್ತಿಗೆ. ನಾಳೆ ಬೆಳಿಗ್ಗೆ ಇದು ಮಡಚುವುದಿಲ್ಲ, ಇನ್ನೊಂದು ಸೂಜಿ ಡಾಕ್ಟರ್ ಹಾಕುವುದಿಲ್ಲ. ಹೋಗಿ ಅವರಿಗೆ ಹೇಳು, ಒಣಗಿದೆ ಅಂತ ಹೇಳು. ನಾನು ಜಾರಿ ಬಿದ್ದರೆ ನಾನೇ ಬೀಳುತ್ತೇನೆ."

"ನೀನೊಬ್ಬನೇ ಅಲ್ಲ, ಹತ್ತು ಜನ ಆಡುತ್ತೀರಿ."

"ಹದಿನಾರು ವರ್ಷ" ಅಂದ. ಕೈ ಬಿಟ್ಟ. ಅವನ ಕಣ್ಣು ಕೆಂಪಾಗಿತ್ತು. ಸರಿಯಾದ್ದು ಮಾಡಿದರೆ ಮನಸ್ಸು ಹಗುರಾಗುತ್ತದೆ ಅಂತ ಯಾರು ಹೇಳಿದರೋ ಗೊತ್ತಿಲ್ಲ.

ಮರುದಿನ ನೆಲ ಒಣಗಿತ್ತು. ಪ್ರತಿ ಸಂದಿಗೂ ಪಟ್ಟಿ ಹಿಡಿದು ನೋಡಿ ಸಹಿ ಹಾಕಿದೆ. ಖಾಲಿ ಹಾಲ್‌ನಲ್ಲಿ ಶೂಗಳ ಕಿರುಗುಟ್ಟುವಿಕೆ, ಕೋಚ್‌ಗಳ ಕೂಗು ಮಾತ್ರ. ಕ್ಯಾಪ್ಟನ್ ಮೊದಲ ಆರು ನಿಮಿಷ ಆಡಿದ. ಕುಂಟುವುದು ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ ಕೋಚ್ ಹೊರಗೆ ಕರೆದರು. ಉಳಿದ ಹೊತ್ತು ಬೆಂಚಿನಲ್ಲಿ ಕೂತು ತನ್ನವರಿಗೆ ಕೂಗಿ ಹೇಳುತ್ತಿದ್ದ. ಸೆನೆಗಲ್‌ನವರು ಮೂರು ಅಂಕದಿಂದ ಸೋತರು.

ಮಧ್ಯಾಹ್ನಕ್ಕೇ ಬಿಚ್ಚಲು ಶುರು ಮಾಡಿದೆವು. ಅರ್ಧ ಅಂಕಣ ಎದ್ದಾಗ ಕ್ಯಾಪ್ಟನ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದು ನಿಂತ. ನಾನು ಕೈಯಲ್ಲಿದ್ದ ಪಿನ್ನುಗಳನ್ನು ಕೆಳಗಿಟ್ಟೆ.

"ಒಂದು ಮಾತು ಕೇಳುತ್ತೇನೆ" ಅಂದ. "ನಿನ್ನೆ ಆಡಿದ್ದರೆ ಯಾರಾದರೂ ಬೀಳುತ್ತಿದ್ದರಾ?"

ಹೌದು ಅನ್ನಬಹುದಿತ್ತು. ಅವನಿಗೂ ಅದು ಬೇಕಿತ್ತೇನೋ. "ಗೊತ್ತಿಲ್ಲ" ಅಂದೆ. "ಬೀಳದೆಯೂ ಇರಬಹುದಿತ್ತು."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಗೊತ್ತಿಲ್ಲದೆ ನಿಲ್ಲಿಸಿದೆಯಾ?"

"ಎರಡನೇ ದಿನ ಗೊತ್ತಿಲ್ಲದೆ ಆಡಿಸಿದೆ." ಆಗಲೇ ನನ್ನ ಬಾಯಿಂದ ಎಲ್ಲ ಬಂತು. ನೂರಾ ಹನ್ನೆರಡನೇ ಹಲಗೆ, ಒಂದೂವರೆ ಮಿಲಿಮೀಟರ್, ಸಹಿ, ಮರುದಿನ ಬೆಳಿಗ್ಗೆ ಅಂಚು ಉಜ್ಜಿದ್ದು.

ಅವನು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಇದನ್ನು ನನಗೆ ಯಾಕೆ ಹೇಳುತ್ತೀಯ? ಆ ಅಂಗೋಲಾದವನು ಹೊರಗೆ, ಏರ್‌ಪೋರ್ಟಿಗೆ ಹೊರಟ ಅವರ ಬಸ್ಸಿನಲ್ಲಿದ್ದಾನೆ." ಕೈ ಕೊಡಲಿಲ್ಲ, ಬೈಯಲೂ ಇಲ್ಲ. ಕುಂಟುತ್ತಾ ಹೋದ.

ಹೊರಡುವಷ್ಟರಲ್ಲಿ ಮ್ಯಾನೇಜರ್ ಎದುರಾದರು. ಮುಂದಿನ ವಾರದಿಂದ ನನಗೆ ತಬೂಕ್‌ನಲ್ಲಿ ಶಾಲೆಯೊಂದರ ಜಿಮ್ ಕೆಲಸ, ಫೋರ್‌ಮನ್ ಅಲ್ಲ ಎಂದರು. "ಇಕಾಮಾ ಕಾಗದ ಕಳಿಸಿದ್ದೇನೆ" ಎಂದೂ ಹೇಳಿದರು, ಗೋಡೆ ನೋಡುತ್ತಾ. "ನಾನು ಅಷ್ಟು ಕೆಟ್ಟವನಲ್ಲ ಮಾರಾಯ." ಅದು ನಿಜವೇ. ನಾನು ತಲೆ ಆಡಿಸಿ ಹೊರಗೆ ನಡೆದೆ.

ಬಸ್ಸಿನ ಇಂಜಿನ್ ಚಾಲೂ ಇತ್ತು. ಅಂಗೋಲಾದ ಆಟಗಾರ ಮುಂದಿನ ಸೀಟಿನಲ್ಲಿ, ಪ್ಲಾಸ್ಟರ್ ಹಾಕಿದ ಕಾಲನ್ನು ಎದುರಿಗೆ ಚಾಚಿ, ಮೊಬೈಲ್ ನೋಡುತ್ತಾ ಕೂತಿದ್ದ. ಪಕ್ಕದಲ್ಲಿ ಅವರ ತಂಡದ ಟ್ರೇನರ್. ಅವನಿಗೆ ಇಂಗ್ಲಿಷ್ ಬರುತ್ತಿತ್ತು, ಆಟಗಾರನಿಗೆ ಅಷ್ಟಾಗಿ ಇಲ್ಲ. ಮೆಟ್ಟಿಲಲ್ಲಿ ನಿಂತು ನಾನು ಯಾರು ಎಂದು ಹೇಳಿದೆ. ಆಮೇಲೆ ಆ ಹಲಗೆಯ ವಿಷಯ ಹೇಳಿದೆ. ಟ್ರೇನರ್ ಒಂದೊಂದೇ ವಾಕ್ಯವನ್ನು ಪೋರ್ಚುಗೀಸಿಗೆ ತಿರುಗಿಸಿದ. ಹೇಳುತ್ತಾ ಹೇಳುತ್ತಾ ಅವನ ದನಿ ತಗ್ಗಿತು.

"ನಿನ್ನ ಕಾಲು ಬಿದ್ದದ್ದು ಅದರ ಮೇಲೆಯೇ ಅಂತ ನಾನು ಆಣೆ ಹಾಕಲಾರೆ" ಅಂದೆ. "ಆದರೆ ಅಂಚು ಎದ್ದಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದೆ."

ಆಟಗಾರ ಮೊಬೈಲನ್ನು ನನ್ನ ಕಡೆ ತಿರುಗಿಸಿದ. ಅದರಲ್ಲಿ ಅವನದೇ ಕಾಲು, ನೆಗೆದು ಇಳಿಯುತ್ತಿರುವುದು, ನಿಧಾನ ಗತಿಯಲ್ಲಿ. ಮೆಲ್ಲಗೆ ಏನೋ ಹೇಳಿದ.

"ಐದು ದಿನದಿಂದ ಇದನ್ನೇ ನೋಡುತ್ತಿದ್ದಾನೆ" ಅಂದ ಟ್ರೇನರ್. "ತಾನು ಎಲ್ಲಿ ತಪ್ಪಿದೆ ಅಂತ. ಇಳಿಯಲು ಬರುವುದಿಲ್ಲ ನಿನಗೆ ಅಂತ ಕೋಚ್ ಎಲ್ಲರೆದುರು ಹೇಳಿದ್ದರು."

ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ. ಅವನು ಬೈಯಲಿಲ್ಲ. ಸೀಟಿನ ಹಿಂಬದಿ ಹಿಡಿದು ಒಂದೇ ಕಾಲಲ್ಲಿ ಎದ್ದು, ಬಸ್ಸಿನ ಹಿಂಭಾಗದತ್ತ ತಿರುಗಿ ಜೋರಾಗಿ ಕೋಚ್‌ನನ್ನು ಕರೆದ. ಕೋಚ್ ಎದ್ದು ಮುಂದೆ ಬಂದರು.

ಆಟಗಾರ ನನ್ನತ್ತ ಬೆರಳು ಮಾಡಿ, ತನಗೆ ಬರುತ್ತಿದ್ದ ಅಷ್ಟಿಷ್ಟು ಇಂಗ್ಲಿಷಿನಲ್ಲೇ ಅಂದ, "ಇನ್ನೊಮ್ಮೆ. ಇವರಿಗೆ ಹೇಳು."

ನಾನು ಮೆಟ್ಟಿಲು ಹತ್ತಿ ಬಸ್ಸಿನ ಒಳಗೆ ನಿಂತು, ಮೊದಲಿನಿಂದ ಹೇಳಿದೆ.